ಆಪ್ಷನ್ ಎಂಟ್ರಿಗೆ ಮೊದಲು ಅಪ್ಪನ ಜೊತೆ ಕೂತು ಮಾತಾಡು

ಚಿ. ಸುಮಾಳಿಗೆ ಆಶೀರ್ವಾದಗಳು.

ಅಪ್ಪ ಕಂಪ್ಯೂಟರ್ ಸೈನ್ಸ್ ಅಂತಾನೆ, ನಿನಗೆ ಬಿ.ಎಸ್ಸಿ. ಕೃಷಿ ಬೇಕು. ಇಬ್ಬರೂ ಮುಖ ಊದಿಸಿಕೊಂಡು ಕೂತರೆ ಕೊನೆಗೆ ಏನಾಗುತ್ತದೆ ಗೊತ್ತೇ? ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು-ಕೋರ್ಸುಗಳನ್ನು ಆದ್ಯತೆಯ ಕ್ರಮದಲ್ಲಿ ತುಂಬುವ ದಿನ, ಸೈಬರ್ ಸೆಂಟರಿನಲ್ಲಿ ಅಪ್ಪ ಹೇಳಿದ ಪಟ್ಟಿಯನ್ನು ಯಾರೋ ಟೈಪ್ ಮಾಡುತ್ತಾರೆ, ಓಟಿಪಿ ಅವನ ಫೋನಿಗೇ ಬರುತ್ತದೆ, ನೀನು ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತೀಯ.

ಆ ಪಟ್ಟಿ ಹೇಗೆ ಕೆಲಸ ಮಾಡುತ್ತದೆ ತಿಳಿದುಕೋ. ಇಂಜಿನಿಯರಿಂಗಿಗೂ ಕೃಷಿಗೂ ಸಿಇಟಿ ರ‍್ಯಾಂಕ್ ಬೇರೆ ಬೇರೆ, ಆದರೆ ಆದ್ಯತೆಯ ಪಟ್ಟಿ ಒಂದೇ. ಮೇಲಿನಿಂದ ನೋಡುತ್ತಾ ಬಂದು, ಮೊದಲು ಸಿಕ್ಕ ಸೀಟನ್ನು ಕೊಟ್ಟುಬಿಡುತ್ತಾರೆ. ಅಪ್ಪನ ಸಮಾಧಾನಕ್ಕೆಂದು ಹತ್ತು ಇಂಜಿನಿಯರಿಂಗ್ ಕಾಲೇಜು ಮೇಲೆ ಹಾಕಿ, ಹನ್ನೊಂದನೆಯದಾಗಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಬರೆದೆ ಅಂದುಕೋ. ಆ ಹತ್ತರಲ್ಲಿ ಒಂದು ಸಿಕ್ಕರೂ ಜಿಕೆವಿಕೆ ಕೈಬಿಟ್ಟ ಹಾಗೆ. ಸಿಕ್ಕ ಸೀಟನ್ನು ಇಟ್ಟುಕೊಂಡೇ ಇನ್ನೂ ಒಳ್ಳೆಯದಕ್ಕೆ ಕಾಯುವ 'ಚಾಯ್ಸ್ 2' ಒತ್ತಿ ಮುಂದಿನ ಸುತ್ತಿಗೆ ಕಾದರೂ, ಸಿಕ್ಕ ಸೀಟಿಗಿಂತ ಮೇಲಿರುವವಷ್ಟೇ ಲೆಕ್ಕಕ್ಕೆ. ಎಷ್ಟೋ ಮಕ್ಕಳ ಆಸೆ ಮುಗಿಯುವುದು ಅಪ್ಪನ ಬೈಗುಳದಿಂದಲ್ಲ, ಪಟ್ಟಿಯ ಈ ಕ್ರಮದಿಂದ.

ಹಾಗಾಗಿ ಮಾತು ಈಗಲೇ ಆಗಬೇಕು. ಅಪ್ಪ 'ಬೇಡ' ಅನ್ನುವುದರ ಹಿಂದೆ ಒಂದು ಭಯವಿದೆ. ಅದು ಯಾವುದು ಅಂತ ಕೇಳು. 'ಹೊಲ ಗೇಯೋಕೆ ಡಿಗ್ರಿ ಬೇಕಾ?' ಅಂದರೆ ಅದು ಕೆಲಸದ ಭಯ. ಅದಕ್ಕೆ ಅಳು ಉತ್ತರವಲ್ಲ, ಮಾಹಿತಿ ಉತ್ತರ. ನಾಲ್ಕು ವರ್ಷದ ಈ ಪದವಿಯ ಮೇಲೆ ಕೃಷಿ ಇಲಾಖೆಯ ಅಧಿಕಾರಿ ಹುದ್ದೆಗಳಿವೆ, ಬ್ಯಾಂಕ್ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಮೂಲಕ ಬ್ಯಾಂಕುಗಳ ಅಗ್ರಿಕಲ್ಚರಲ್ ಫೀಲ್ಡ್ ಆಫೀಸರ್ ಹುದ್ದೆ ಇದೆ, ಬೀಜ ಮತ್ತು ಗೊಬ್ಬರದ ಕಂಪನಿಗಳಿವೆ, ಎಂ.ಎಸ್ಸಿ. ದಾರಿಯೂ ಇದೆ. ಯಾವುದೂ ತಾನಾಗಿ ಬರುವುದಿಲ್ಲ, ಪರೀಕ್ಷೆ ಬರೆಯಲೇಬೇಕು. ಅದನ್ನೂ ಮುಚ್ಚಿಡದೆ ಹೇಳು, ಆಗಲೇ ಅವನು ನಂಬುವುದು.

ಭಯ ದುಡ್ಡಿನದಾದರೆ ಎರಡೂ ಕೋರ್ಸುಗಳ ಫೀಸು, ಹಾಸ್ಟೆಲ್, ಪುಸ್ತಕ ಎಲ್ಲ ಸೇರಿಸಿ ನಾಲ್ಕು ವರ್ಷದ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಬರೆದು ಮುಂದಿಡು. ಸಾಲ ಮಾಡಿದರೆ ಬ್ಯಾಂಕಿನ ಕಾಗದದಲ್ಲಿ ನಿನ್ನ ಜೊತೆ ಅವನೂ ಸಹಿ ಹಾಕಬೇಕು. ಆ ಮಾತಿನಲ್ಲಿ ಅವನಿಗೆ ಹಕ್ಕಿದೆ ಕಣೇ, ಅದನ್ನು ಒಪ್ಪಿಕೊಂಡೇ ಮಾತು ಶುರುಮಾಡು. ನೆಂಟರು ಏನಂದಾರು ಅನ್ನುವ ಭಯಕ್ಕೆ ಮಾತ್ರ ಯಾವ ಕಾಗದವೂ ಇಲ್ಲ. ಅದನ್ನು ಅಮ್ಮನಿಗೆ ಬಿಡು, ಅವಳ ಮಾತು ಅಲ್ಲಿ ನಡೆಯುತ್ತದೆ.

ನಿನಗೂ ಒಂದು ಪ್ರಶ್ನೆ. ಗಣಿತ ತಪ್ಪಿಸಿಕೊಳ್ಳಲು ಕೃಷಿ ಅಂತೀಯಾ? ಅಲ್ಲಿಯೂ ಸಂಖ್ಯಾಶಾಸ್ತ್ರ, ಮಣ್ಣಿನ ರಸಾಯನ, ತಳಿಶಾಸ್ತ್ರ, ಕೀಟಶಾಸ್ತ್ರ ಇವೆ. ಕೊನೆಯ ವರ್ಷ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ರೈತರ ಜೊತೆ ಕೆಲಸ ಮಾಡಬೇಕು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ದಿನ ಹೋಗಿ ಬಾ, ಅಪ್ಪನನ್ನೂ ಕರೆದುಕೊಂಡು ಹೋಗು. ಮಣ್ಣು ಪರೀಕ್ಷೆಯ ಲ್ಯಾಬ್ ಕಣ್ಣಾರೆ ಕಂಡರೆ 'ಹೊಲ ಗೇಯೋದು' ಅನ್ನುವ ಮಾತು ಅರ್ಧ ಕಡಿಮೆಯಾಗುತ್ತದೆ.

ಇನ್ನೊಂದು ಮುಖ್ಯ ವಿಷಯ. ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ, ಗೊಬ್ಬರ, ಸಲಕರಣೆ ಗುರುತಿಸುವಂಥದ್ದು. ಸಿಇಟಿ ಅರ್ಜಿ ತುಂಬುವಾಗಲೇ ಈ ಕೋಟಾ ಕೇಳಿಕೊಂಡಿರಬೇಕು, ಆಮೇಲೆ ನೆನಪಾದರೆ ಪ್ರಯೋಜನವಿಲ್ಲ. ತಹಶೀಲ್ದಾರ್ ಕಚೇರಿಯ ಪ್ರಮಾಣಪತ್ರಕ್ಕೆ ಪಹಣಿ ಬೇಕು, ಓಡಾಡಬೇಕಾದವನು ಅಪ್ಪನೇ. ಅವನ ಮನಸ್ಸಿಗೆ ವಿರುದ್ಧವಾಗಿ ಈ ಸೀಟು ಪಡೆಯುವುದು ಕಷ್ಟ, ಅವನು ಜೊತೆಗಿದ್ದರೆ ಬಹಳ ಸುಲಭ. ಜಮೀನಿನ ಪಹಣಿ ಇನ್ನೂ ತಾತನ ಹೆಸರಿನಲ್ಲೇ ಇದೆಯೇನೋ, ಈ ಭಾನುವಾರವೇ ಅಪ್ಪನನ್ನು ಕೇಳಿ ನೋಡು.

ಇತಿ,
ನಿನ್ನ ದೊಡ್ಡಪ್ಪ