ನಿನ್ನ ವೋಟು ಮತ್ತು ರಾಬಿನ್ ಕುಕ್

ಚಿ. ಪುಟ್ಟಿಗೆ,

ಹಾಸನದಿಂದ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿಮ್ಮಮ್ಮನ ಮಂಡಿ ನೋವು ಈಗ ಎಷ್ಟೋ ವಾಸಿ, ದೇವಸ್ಥಾನದ ಮೆಟ್ಟಿಲು ಹತ್ತಿ ಬರುತ್ತಾಳೆ. ನೀನು ಕಳಿಸಿದ ಉಣ್ಣೆ ಶಾಲು ಬಂತು. ಬೆಳಗಿನ ಹೊತ್ತು ಅದನ್ನೇ ಹೊದ್ದುಕೊಂಡು ಪೇಪರ್ ಓದುತ್ತೇನೆ.

ಕಳೆದ ವಾರ ಫೋನಿನಲ್ಲಿ ನೀನು ಆಡಿದ ಮಾತು ಮನಸ್ಸಿನಲ್ಲೇ ಉಳಿದಿದೆ. "ದೊಡ್ಡಮ್ಮ, ಇಲ್ಲಿ ನನಗೂ ವೋಟಿದೆ. ಒಬ್ಬ ಕ್ಯಾಂಡಿಡೇಟು ಬಾಗಿಲಿಗೆ ಬಂದಿದ್ದರು. ಕನಿಷ್ಠ ಕೂಲಿ, ವೀಸಾ ನಿಯಮ ಎಲ್ಲದಕ್ಕೂ ಚೆನ್ನಾಗಿ ಉತ್ತರ ಕೊಟ್ಟರು. ಬೇರೆ ದೇಶಕ್ಕೆ ಆಯುಧ ಮಾರೋದರ ಬಗ್ಗೆ ಕೇಳಿದರೆ ಮಾತು ತೇಲಿಸಿದರು. ಹೋಗಲಿ ಬಿಡಿ, ವಿದೇಶದ ವಿಷಯ ನನಗ್ಯಾಕೆ, ಮನೆ ಖರ್ಚಿಗೆ ಸಂಬಂಧಪಟ್ಟಿದ್ದು ನೋಡಿ ವೋಟು ಹಾಕ್ತೀನಿ" ಅಂದೆ. ಆಗ ನಾನು ಹ್ಞೂಂ ಅಂದುಬಿಟ್ಟೆ. ಇಟ್ಟ ಮೇಲೆ ತಪ್ಪಾಯಿತು ಅನ್ನಿಸಿತು. ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವಳು ನಾನು, ಹ್ಞೂಂ ಅಂದು ಸುಮ್ಮನಾಗಬಾರದಿತ್ತು.

ಭಾರತದ ಪಾಸ್‌ಪೋರ್ಟ್ ಕೈಯಲ್ಲಿದ್ದೂ ಬ್ರಿಟನ್ನಿನ ಪಾರ್ಲಿಮೆಂಟಿಗೆ ವೋಟು ಹಾಕುವ ಹಕ್ಕು ನಿನಗೆ ಸಿಕ್ಕಿರುವುದು ನಾವು ಕಾಮನ್‌ವೆಲ್ತ್ ದೇಶದವರು ಎಂಬ ಕಾರಣಕ್ಕೆ. ಅಲ್ಲಿರುವ ಎಷ್ಟೋ ಜನ ಯುರೋಪಿನವರಿಗೆ ಆ ಚುನಾವಣೆಯಲ್ಲಿ ಅದಿಲ್ಲ. ಹಾಗೆ ಬಂದ ವೋಟನ್ನು ಅರ್ಧಕ್ಕೆ ಮಡಚಿ ಒಂದೇ ಮುಖ ನೋಡಿ ಹಾಕಬೇಡ ಕಣಮ್ಮ. ಯಾಕೆ ಅಂತ ಹೇಳೋಕೆ ಒಬ್ಬ ಮನುಷ್ಯನ ಕಥೆ ಬರೆಯುತ್ತೇನೆ. ನೀನು ದಿನಾ ಕೆಲಸಕ್ಕೆ ಹೋಗುವ ಲಿವಿಂಗ್‌ಸ್ಟನ್ ಇದೆಯಲ್ಲ, ಅಲ್ಲಿಂದಲೇ 1983ರಿಂದ 2005ರವರೆಗೆ ಸಂಸದರಾಗಿದ್ದವರು. ರಾಬಿನ್ ಕುಕ್.

ಲೇಬರ್ ಪಕ್ಷದವರು. ಸ್ಕಾಟ್ಲೆಂಡಿನ ಬೆಲ್ಸ್‌ಹಿಲ್‌ನಲ್ಲಿ ಹುಟ್ಟಿ, ನಿನ್ನ ಎಡಿನ್‌ಬರೋದಲ್ಲೇ ಇಂಗ್ಲಿಷ್ ಸಾಹಿತ್ಯ ಓದಿದವರು. ಕುಳ್ಳಗೆ, ಕೆಂಚು ಗಡ್ಡ. 1974ರಲ್ಲಿ ಎಡಿನ್‌ಬರೋದಿಂದಲೇ ಮೊದಲ ಸಲ ಗೆದ್ದರು. ಆಗ ಅವರಿಗೆ ವಯಸ್ಸು 28.

ಮನೆಯೊಳಗಿನ ವಿಷಯದಲ್ಲಿ ಅವರು ಏನು ಮಾಡಿದರು ಅನ್ನೋದನ್ನು ಮೊದಲು ನೋಡು. ಗಂಡಸರಿಬ್ಬರ ಸಂಬಂಧ ಅಪರಾಧ ಎನ್ನುವ ಕಾನೂನನ್ನು ಇಂಗ್ಲೆಂಡ್ 1967ರಲ್ಲೇ ಸಡಿಲಿಸಿತ್ತು. ಸ್ಕಾಟ್ಲೆಂಡಿನಲ್ಲಿ ಅದು ಹಾಗೇ ಉಳಿದಿತ್ತು. 1980ರಲ್ಲಿ ತಿದ್ದುಪಡಿ ತಂದು ಅದನ್ನು ತೆಗೆಸಿದವರು ಕುಕ್. ಆಗ ಅವರು ವಿರೋಧ ಪಕ್ಷದಲ್ಲಿದ್ದರು ಅನ್ನೋದು ನೆನಪಿರಲಿ. ಅದರಿಂದ ಜಾಸ್ತಿ ವೋಟು ಬರುವಂಥ ಕಾಲವೂ ಅಲ್ಲ ಅದು. ವೋಟಿನ ಪ್ರಮಾಣಕ್ಕೆ ತಕ್ಕಂತೆ ಪಕ್ಷಗಳಿಗೆ ಸೀಟು ಸಿಗಬೇಕು ಅಂತಲೂ ಅವರು ವಾದ ಮಾಡುತ್ತಿದ್ದರು. ಈಗಿನ ಪದ್ಧತಿಯಿಂದ ಅವರ ಪಕ್ಷಕ್ಕೇ ಲಾಭವಾದ ಮೇಲೂ ಆ ಮಾತು ಬಿಡಲಿಲ್ಲ.

ಮನಸ್ಸು ಬದಲಾಯಿಸಿದ್ದೂ ಉಂಟು. 1979ರಲ್ಲಿ ಸ್ಕಾಟ್ಲೆಂಡಿಗೆ ಬೇರೆ ಶಾಸನಸಭೆ ಬೇಡ ಅಂದಿದ್ದರು, ಆಮೇಲೆ ಬೇಕು ಅಂದರು. ಯುರೋಪಿನ ಬಗ್ಗೆ ಮೊದಲು ಅನುಮಾನ, ಕೊನೆಗೆ ಗಟ್ಟಿ ಬೆಂಬಲ. ಅಭಿಪ್ರಾಯ ಬದಲಾಯಿಸಿದರು ಅಂತ ನಾನು ಯಾರನ್ನೂ ಕೀಳಾಗಿ ನೋಡೋದಿಲ್ಲ. ಬದಲಾಯಿಸಿದ್ದನ್ನು ಹಗಲು ಬೆಳಕಿನಲ್ಲಿ ಒಪ್ಪಿಕೊಂಡರೆ ಸಾಕು.

ಈಗ ನಿನ್ನ ಆಯುಧದ ಪ್ರಶ್ನೆಗೆ ಬರುತ್ತೇನೆ. 1980ರ ದಶಕದಲ್ಲಿ ಬ್ರಿಟನ್ ಸರ್ಕಾರ ಇರಾಕಿಗೆ ಮಿಲಿಟರಿಗೆ ಬಳಕೆಯಾಗುವ ಸಾಮಾನು ಮಾರುವ ನಿಯಮವನ್ನು ಒಳಗೊಳಗೇ ಸಡಿಲಿಸಿತ್ತು, ಪಾರ್ಲಿಮೆಂಟಿಗೆ ಸರಿಯಾಗಿ ತಿಳಿಸಲಿಲ್ಲ. ಆ ಬಗ್ಗೆ ವಿಚಾರಣೆ ನಡೆಸಿದ ನ್ಯಾಯಾಧೀಶ ರಿಚರ್ಡ್ ಸ್ಕಾಟ್ ಅವರ ವರದಿ ಬಂದಿದ್ದು 1996ರ ಫೆಬ್ರವರಿಯಲ್ಲಿ. ಐದು ಸಂಪುಟ, 1800ಕ್ಕೂ ಮೀರಿದ ಪುಟ. ವಿರೋಧ ಪಕ್ಷದ ಪರವಾಗಿ ಮಾತಾಡಬೇಕಿದ್ದ ಕುಕ್‌ಗೆ ಅದನ್ನು ಮುಂಚಿತವಾಗಿ ಓದಲು ಕೊಟ್ಟ ಸಮಯ ಸುಮಾರು ಎರಡು ಗಂಟೆ. ಅಷ್ಟರಲ್ಲೇ ಬೇಕಾದ ಪುಟ ಹುಡುಕಿ, ಗುರುತು ಹಾಕಿಕೊಂಡು, ಎದ್ದು ನಿಂತು ಮಂತ್ರಿಗಳನ್ನು ಒಬ್ಬೊಬ್ಬರಾಗಿ ಹಿಡಿದು ಕೇಳಿದರು. ಮುಂದೆ ವೋಟಿಗೆ ಬಂದಾಗ ಸರ್ಕಾರ ಉಳಿದಿದ್ದು ಒಂದೇ ಒಂದು ಮತದಿಂದ. 320ಕ್ಕೆ 319.

ಇದು ವಿದೇಶದ ವಿಷಯವೋ, ಒಳಗಿನ ವಿಷಯವೋ ನೀನೇ ಹೇಳು. ಸಾಮಾನು ಹೋಗಿದ್ದು ಇರಾಕಿಗೆ, ಮುಚ್ಚಿಟ್ಟಿದ್ದು ಲಂಡನ್ನಿನಲ್ಲಿ. ದೂರದ ದೇಶದ ವಿಷಯದಲ್ಲಿ ಮುಚ್ಚುಮರೆ ಮಾಡುವವರು ನಿನ್ನ ವೀಸಾ ವಿಷಯದಲ್ಲಿ ಮಾತ್ರ ನೇರವಾಗಿರುತ್ತಾರೆ ಅಂತ ನನಗೆ ನಂಬಿಕೆ ಬರೋದಿಲ್ಲ. ಬಾಗಿಲಿಗೆ ಬಂದವರು ಮಾತು ತೇಲಿಸಿದರು ಅಂದೆಯಲ್ಲ, ನನಗೆ ಚುಚ್ಚಿದ್ದು ಅದೇ.

1997ರ ಮೇನಲ್ಲಿ ಲೇಬರ್ ಗೆದ್ದು ಕುಕ್ ವಿದೇಶಾಂಗ ಮಂತ್ರಿಯಾದರು. ಹತ್ತೇ ದಿನದಲ್ಲಿ, ನಮ್ಮ ವಿದೇಶಾಂಗ ನೀತಿಗೆ ನೈತಿಕತೆಯ ಆಯಾಮವೂ ಇರಬೇಕು ಅಂತ ಘೋಷಿಸಿದರು. ಅದೇ ವರ್ಷ ನೆಲಬಾಂಬ್ ನಿಷೇಧದ ಒಟ್ಟಾವಾ ಒಪ್ಪಂದಕ್ಕೆ ಬ್ರಿಟನ್ ಸಹಿ ಹಾಕಿತು. ಆದರೆ ಇಂಡೋನೇಷ್ಯಾಕ್ಕೆ ಹಾಕ್ ಯುದ್ಧ ವಿಮಾನ ಮಾರಲು ಹಿಂದಿನ ಸರ್ಕಾರ ಕೊಟ್ಟಿದ್ದ ಪರವಾನಗಿ ಮಾತ್ರ ರದ್ದಾಗಲಿಲ್ಲ. ಆಗ ಇಂಡೋನೇಷ್ಯಾ ಪೂರ್ವ ತಿಮೋರನ್ನು ಆಕ್ರಮಿಸಿಕೊಂಡು ಕೂತಿತ್ತು. ಬಾಯಲ್ಲಿ ಹೇಳಿದ್ದು ಒಂದು, ಕಡತದಲ್ಲಿ ನಡೆದಿದ್ದು ಇನ್ನೊಂದು. ಇದು ಅವರ ಮೇಲಿನ ಕಪ್ಪು ಚುಕ್ಕೆ, ಇದನ್ನು ನಾನು ಒರೆಸಿ ಹಾಕೋದಿಲ್ಲ. ನಮಗೂ ಅವರ ಮೇಲೆ ಕೋಪ ಬಂದಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ರಾಣಿಯ ಜೊತೆ ಪಾಕಿಸ್ತಾನಕ್ಕೆ, ಭಾರತಕ್ಕೆ ಬಂದಾಗ ಕಾಶ್ಮೀರದ ವಿಷಯದಲ್ಲಿ ಬ್ರಿಟನ್ ನೆರವಾಗಬಹುದು ಎಂಬರ್ಥದ ಮಾತು ಅವರದ್ದೆಂದು ಸುದ್ದಿಯಾಗಿ ದೆಹಲಿ ಕೆರಳಿತು. ಕಾಲೇಜಿನ ಸ್ಟಾಫ್ ರೂಮಿನಲ್ಲಿ ನಾನೇ ಎಲ್ಲರಿಗಿಂತ ಜೋರಾಗಿ ಬೈದಿದ್ದೆ.

ಅದಕ್ಕೇ 2003ರ ಮಾರ್ಚ್ ನನಗೆ ಅಷ್ಟು ನಾಟಿದ್ದು. ಆಗ ಅವರು ವಿದೇಶಾಂಗ ಖಾತೆಯಲ್ಲಿರಲಿಲ್ಲ, ಕಾಮನ್ಸ್ ಸಭೆಯ, ಅಂದರೆ ನಮ್ಮ ಲೋಕಸಭೆಯಂಥ ಕೆಳಮನೆಯ, ನಾಯಕರಾಗಿ ಸಂಪುಟದಲ್ಲಿದ್ದರು. ಪ್ರಧಾನಿ ಟೋನಿ ಬ್ಲೇರ್ ಅಮೆರಿಕದ ಜೊತೆ ಇರಾಕ್ ಮೇಲೆ ಯುದ್ಧಕ್ಕೆ ಹೊರಟಿದ್ದರು. ಅಲ್ಲಿನ ಪದ್ಧತಿ ನಿನಗೆ ಗೊತ್ತಿರಲಿ. ಸಂಪುಟದ ಒಳಗೆ ಎಷ್ಟು ಬೇಕಾದರೂ ಜಗಳವಾಡಬಹುದು, ಹೊರಗೆ ಬಂದ ಮೇಲೆ ಎಲ್ಲರೂ ಒಂದೇ ಮಾತು. ಒಪ್ಪಿಗೆ ಇಲ್ಲದವರು ಕುರ್ಚಿ ಬಿಡಬೇಕು. ಮಾರ್ಚ್ 17ರಂದು ಕುಕ್ ಬಿಟ್ಟರು.

ಅವತ್ತು ರಾತ್ರಿ ಅವರು, ಮಂತ್ರಿಗಿರಿಯಾಗಲಿ ಪಕ್ಷದ ಹೊಣೆಯಾಗಲಿ ಇಲ್ಲದ ಸದಸ್ಯರು ಕೂರುವ ಹಿಂದಿನ ಸಾಲಿನಲ್ಲಿ ಎದ್ದು ನಿಂತು ಮಾತಾಡಿದ ವಿಡಿಯೋ ನೋಡು. ಹನ್ನೊಂದು ನಿಮಿಷ ಅಷ್ಟೇ. ಕೈ ಬೀಸುವುದಿಲ್ಲ, ದನಿ ಏರಿಸುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಹಿಂದಿನ ಸಾಲಿನಿಂದ ಮಾತಾಡುತ್ತಿದ್ದೇನೆ ಅಂತ ಶುರು ಮಾಡುತ್ತಾರೆ. ಬ್ಲೇರ್ ಅವರನ್ನು ಹೀಯಾಳಿಸುವುದಿಲ್ಲ, ವಿಶ್ವಸಂಸ್ಥೆಯಲ್ಲಿ ಒಪ್ಪಿಗೆ ಪಡೆಯಲು ಅವರು ಪಟ್ಟ ಪಾಡನ್ನು ಮೆಚ್ಚುತ್ತಾರೆ. ಆಮೇಲೆ ಒಂದೊಂದೇ ಎಳೆ ಬಿಡಿಸುತ್ತಾರೆ. ಭದ್ರತಾ ಮಂಡಳಿ ಒಪ್ಪಿಲ್ಲ, ನ್ಯಾಟೋ ಒಪ್ಪಿಲ್ಲ, ಯುರೋಪ್ ಒಪ್ಪಿಲ್ಲ. ಇರಾಕಿನ ಸೈನ್ಯ ಅಷ್ಟು ಬಡವಾಗಿರುವುದರಿಂದಲೇ ನಾವು ದಾಳಿಯ ಯೋಚನೆ ಮಾಡಲು ಆಗುತ್ತಿರುವುದು, ಹಾಗಿದ್ದ ಮೇಲೆ ಅದರಿಂದ ನಮಗೆ ಅಪಾಯ ಅಂತ ಹೇಗೆ ಹೇಳುವುದು ಅಂತ ಕೇಳುತ್ತಾರೆ. ಸಾಮಾನ್ಯವಾಗಿ ನಾವು ಅರ್ಥ ಮಾಡಿಕೊಳ್ಳುವ ರೀತಿಯ ಸಮೂಹ ನಾಶಕ ಅಸ್ತ್ರ ಇರಾಕ್ ಬಳಿ ಬಹುಶಃ ಇಲ್ಲ ಅನ್ನುತ್ತಾರೆ. ಅದಕ್ಕೊಂದು ತಿಂಗಳ ಹಿಂದೆ ಲಂಡನ್ನಿನ ಬೀದಿಯಲ್ಲಿ ಲಕ್ಷಾಂತರ ಜನ ಯುದ್ಧ ಬೇಡ ಅಂತ ನಡೆದಿದ್ದರು. ಈ ದೇಶದ ಜನರ ಅಂದಾಜು ಸರಿಯಾಗಿದೆ ಎಂಬ ಅರ್ಥದ ಮಾತನ್ನು ಅವರು ಸಭೆಯ ಒಳಗೆ ನಿಂತು ಹೇಳುತ್ತಾರೆ. ಭಾರವಾದ ಮನಸ್ಸಿನಿಂದ ರಾಜೀನಾಮೆ ಕೊಟ್ಟಿದ್ದೇನೆ ಅಂತ ಹೇಳಿ ಕೂರುತ್ತಾರೆ. ಕಾಮನ್ಸ್ ಸಭೆಯಲ್ಲಿ ಚಪ್ಪಾಳೆ ತಟ್ಟುವ ಪದ್ಧತಿಯೇ ಇಲ್ಲ. ಅವತ್ತು ಕೆಲವರು ಎದ್ದು ನಿಂತು ತಟ್ಟಿದರು.

ನಮಗೆ ರಾಜೀನಾಮೆ ಅಂದರೆ ಶಾಸ್ತ್ರೀಜಿ ನೆನಪಾಗುತ್ತಾರೆ, 1956ರ ಅರಿಯಲೂರು ರೈಲು ಅಪಘಾತ. ಅದು ತನ್ನ ಇಲಾಖೆಯಲ್ಲಿ ಆದ ಅನಾಹುತಕ್ಕೆ ಹೊಣೆ ಹೊತ್ತಿದ್ದು. ಕುಕ್ ಅವರದ್ದು ಬೇರೆ. ಆಗಲಿರುವ ಕೆಲಸದಲ್ಲಿ ನಾನು ಪಾಲುದಾರನಾಗಲಾರೆ ಅಂತ ಮುಂಚೆಯೇ ಹೊರಬಂದಿದ್ದು. ಮಾರನೇ ದಿನ ಸಭೆ 412ಕ್ಕೆ 149ರಂತೆ ಯುದ್ಧಕ್ಕೆ ಒಪ್ಪಿತು. ಕುಕ್ ಸೋತರು. ಮುಂದಿನ ವರ್ಷ ಅಮೆರಿಕ ನೇಮಿಸಿದ ತಂಡವೇ ಹುಡುಕಿ ಹುಡುಕಿ, ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲ ಅಂತ ವರದಿ ಕೊಟ್ಟಿತು. ಅಷ್ಟು ಹೊತ್ತಿಗೆ ಎಷ್ಟು ಮನೆಗಳು ಹಾಳಾಗಿದ್ದವೋ! ಅದನ್ನು ನೆನೆದರೆ ಈಗಲೂ ನನ್ನ ಕೈ ನಡುಗುತ್ತದೆ.

ಹಾಕ್ ವಿಮಾನದ ವಿಷಯದಲ್ಲಿ ತಪ್ಪಿದ ಮನುಷ್ಯ ಇಲ್ಲಿ ಯಾಕೆ ತಪ್ಪಲಿಲ್ಲ ಅಂತ ನಾನು ಬಹಳ ಯೋಚಿಸಿದ್ದೇನೆ. ಪಾರ್ಲಿಮೆಂಟಿಗೆ, ಜನರಿಗೆ ಸರ್ಕಾರ ಲೆಕ್ಕ ಕೊಡಬೇಕು ಅನ್ನೋ ಒಂದು ಮಾತನ್ನು ಅವರು ಕೊನೆತನಕ ಬಿಡಲಿಲ್ಲ ಅನ್ನಿಸುತ್ತದೆ ನನಗೆ. ಸ್ಕಾಟ್ ವರದಿಯಲ್ಲಿ ಕೇಳಿದ್ದು ಅದನ್ನೇ. ಅಲ್ಲಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯ ಸದಸ್ಯರನ್ನು ಜನರೇ ಆರಿಸಬೇಕು ಅಂತ ಹೋರಾಡಿದ್ದೂ ಅದಕ್ಕೇ. ಅದರಲ್ಲಿ ಅವರು ಸೋತದ್ದು 2003ರ ಫೆಬ್ರವರಿಯಲ್ಲಿ, ರಾಜೀನಾಮೆಗೆ ಒಂದೂವರೆ ತಿಂಗಳ ಮುಂಚೆ.

ಹಾಗಾಗಿ ನೀನು ಹೀಗೆ ಮಾಡು. ಎಲ್ಲದರಲ್ಲೂ ನಿನ್ನ ಮಾತೇ ಆಡುವ ಕ್ಯಾಂಡಿಡೇಟನ್ನು ಹುಡುಕುತ್ತಾ ಕೂರಬೇಡ, ಸಿಗೋದಿಲ್ಲ. ಅವರು ಹಿಂದೆ ಸಂಸದರಾಗಿದ್ದರೆ ಯಾವ್ಯಾವುದಕ್ಕೆ ಹೇಗೆ ವೋಟು ಹಾಕಿದರು ಅಂತ ಪಾರ್ಲಿಮೆಂಟಿನ ಅಧಿಕೃತ ದಾಖಲೆಯಾದ ಹ್ಯಾನ್ಸಾರ್ಡ್‌ನಲ್ಲಿ ನೋಡು, ದುಡ್ಡು ಕೊಡಬೇಕಿಲ್ಲ. ಕರಪತ್ರಕ್ಕಿಂತ ಅದನ್ನು ಜಾಸ್ತಿ ನಂಬು. ಪಾರ್ಲಿಮೆಂಟಿನಲ್ಲಿ ಮತದಾನದ ಗಂಟೆ ಬಾರಿಸಿದ ಮೇಲೆ ಎಂಟು ನಿಮಿಷದೊಳಗೆ ಹೌದು ಅನ್ನುವವರು ಒಂದು ಓಣಿಗೆ, ಇಲ್ಲ ಅನ್ನುವವರು ಇನ್ನೊಂದು ಓಣಿಗೆ ನಡೆದು ಹೋಗಬೇಕು. ನಡೆದ ಮೇಲೆ ಹೆಸರು ದಾಖಲಾಗುತ್ತದೆ. ಇನ್ನೊಂದು ವಿಷಯ. ನಮ್ಮಲ್ಲಿ 1985ರಿಂದ ಪಕ್ಷಾಂತರ ಕಾಯ್ದೆ ಇದೆ, ವಿಪ್ ಮೀರಿದರೆ ಸದಸ್ಯತ್ವವೇ ಹೋಗಬಹುದು. ಅಲ್ಲಿ ಹಾಗಿಲ್ಲ. ಪಕ್ಷ ಮುನಿಸಿಕೊಳ್ಳಬಹುದು, ಹೊರಗೂ ಹಾಕಬಹುದು, ಸೀಟು ಮಾತ್ರ ಹೋಗೋದಿಲ್ಲ. ಆದ್ದರಿಂದ "ಪಕ್ಷ ಹೇಳಿತು, ನಾನೇನು ಮಾಡಲಿ" ಅಂದರೆ ಅದನ್ನು ಒಪ್ಪಬೇಡ.

ಅವರು ಮತ್ತೆ ಬಂದರೆ ಒಳಗೆ ಕರೆದು ಕಾಫಿ ಕೊಡು. ಯುದ್ಧಕ್ಕೆ ಹೋಗುವ ಮುಂಚೆ ಪಾರ್ಲಿಮೆಂಟಿನ ವೋಟು ಬೇಕೇ ಬೇಕು ಅಂತೀರಾ ಅಂತ ಕೇಳು. ಆಯುಧದ ಪ್ರಶ್ನೆಯನ್ನು ಇನ್ನೊಂದು ಸಲ ಕೇಳು. ಗೊತ್ತಿಲ್ಲ, ಓದಿ ಹೇಳ್ತೀನಿ ಅಂದರೂ ಅದು ಉತ್ತರವೇ. ಇನ್ನೊಂದು ಸಲವೂ ಮಾತು ತೇಲಿಸಿದರೆ ನಿನಗೇ ತಿಳಿಯುತ್ತದೆ.

ಕುಕ್ 2005ರ ಆಗಸ್ಟ್ 6ರಂದು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಬೆನ್ ಸ್ಟಾಕ್ ಬೆಟ್ಟದಲ್ಲಿ ಹೆಂಡತಿಯ ಜೊತೆ ನಡೆಯುತ್ತಿದ್ದಾಗ ಕುಸಿದು ತೀರಿಕೊಂಡರು. 59 ವರ್ಷ. ಅವರ ಸಮಾಧಿ ಗ್ರೇಂಜ್ ಸ್ಮಶಾನದಲ್ಲಿದೆ. ನಿನ್ನ ಮಾರ್ಚ್‌ಮಂಟ್ ಮನೆಯಿಂದ ನಡೆದೇ ಹೋಗಬಹುದು. ಯುದ್ಧ ನಿಲ್ಲಿಸಲು ನನ್ನಿಂದ ಆಗದೆ ಇರಬಹುದು, ಆದರೆ ಯುದ್ಧದ ಬಗ್ಗೆ ನಿರ್ಧರಿಸುವ ಹಕ್ಕನ್ನು ಪಾರ್ಲಿಮೆಂಟಿಗೆ ಗಳಿಸಿಕೊಟ್ಟೆ ಎಂಬರ್ಥದ ಅವರದೇ ಮಾತನ್ನು ಕಲ್ಲಿನ ಮೇಲೆ ಕೆತ್ತಿದ್ದಾರೆ. 2013ರಲ್ಲಿ ಸಿರಿಯಾ ಮೇಲಿನ ದಾಳಿಗೆ ಸರ್ಕಾರ ಒಪ್ಪಿಗೆ ಕೇಳಿದಾಗ ಸಭೆ 285ಕ್ಕೆ 272ರಿಂದ ಬೇಡ ಅಂದಿತು. ಸರ್ಕಾರ ತಲೆಬಾಗಿತು. ಆದರೆ ಇದು ಬರೀ ಪದ್ಧತಿ, ಕಾನೂನಲ್ಲ. 2018ರಲ್ಲಿ ಅದೇ ಸಿರಿಯಾ ಮೇಲೆ ವೋಟು ಕೇಳದೆಯೇ ದಾಳಿ ನಡೆಯಿತು. ನಿನ್ನ ಪ್ರಶ್ನೆ ಈಗಲೂ ಯಾಕೆ ಬೇಕು ಅಂತ ಇದರಿಂದ ಗೊತ್ತಾಗುತ್ತೆ ಅಲ್ವಾ?

ಬಿಸಿಲು ಬಂದ ಒಂದು ಭಾನುವಾರ ಆ ಕಡೆ ಹೋಗಿ ಬಾ. ಕಲ್ಲಿನ ಫೋಟೋ ಕಳಿಸು, ಅಕ್ಷರ ಕಾಣುವ ಹಾಗೆ ಹತ್ತಿರದಿಂದ ತೆಗಿ. ವೋಟರ್ ಪಟ್ಟಿಗೆ ಹೆಸರು ಸೇರಿಸಿದ ಮೇಲೆ ಫೋನ್ ಮಾಡು. ತಣ್ಣನೆ ಗಾಳಿಯಲ್ಲಿ ಕಿವಿ ಮುಚ್ಚಿಕೊಂಡು ಓಡಾಡು.

ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ