ಸೋಮವಾರ ಬಾಗಿಲು ಮುಚ್ಚಿರುವ ಕಡೆಗೆ ಪ್ರವಾಸವೇ?

ಮಾನ್ಯ ಸಂಪಾದಕರೇ,

ಬಳ್ಳಾರಿಯ ನಮ್ಮ ಶಾಲೆಯ ಮೈಸೂರು ಪ್ರವಾಸ ರದ್ದಾದ ವರದಿಯಲ್ಲಿ ‘ಶಾಲೆಯವರು ಪೂರ್ವಸಿದ್ಧತೆ ಮಾಡಿಕೊಂಡಿರಲಿಲ್ಲ’ ಎಂಬ ಶಿಕ್ಷಣ ಇಲಾಖೆಯ ಅಧಿಕಾರಿಯ ಮಾತು ಓದಿ ಮೈ ಉರಿಯಿತು. ಸಿದ್ಧತೆ ಮಾಡಿದವಳು ನಾನು. ಪೋಷಕರ ಒಪ್ಪಿಗೆ ಪತ್ರ, ಬಸ್ಸಿಗೆ ಮುಂಗಡ, ಉಳಿಯಲು ಛತ್ರ, ಕಾರಂಜಿ ಕೆರೆ ದಂಡೆಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಪತ್ರ, ಎಲ್ಲವೂ ಆಗಿತ್ತು. ಅನುಮತಿಯ ಕಡತ ಮಾತ್ರ ಇಲಾಖೆಯ ಕಚೇರಿಯಲ್ಲಿ ಮೇಜಿನಿಂದ ಮೇಜಿಗೆ ಅಲೆಯಿತು. ಕೊನೆಗೆ ಅನುಮತಿ ಬಂದದ್ದು ನಾವು ಕೇಳಿದ ಶುಕ್ರವಾರಕ್ಕಲ್ಲ, ಸೋಮವಾರಕ್ಕೆ. ಸೋಮವಾರ ಸಂಗ್ರಹಾಲಯಕ್ಕೆ ವಾರದ ರಜೆ! ಅರ್ಜಿಯಲ್ಲಿ ಅದನ್ನೇ ಬರೆದು ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದಿದ್ದೆ. ಓದುವ ವ್ಯವಧಾನ ಯಾರಿಗಿದೆ?

ಬಸ್ಸಿನವರು ಮುಂಗಡ ಹಿಂದಿರುಗಿಸುತ್ತಿಲ್ಲ. ರಾತ್ರಿ ಹತ್ತು ಗಂಟೆಯವರೆಗೂ ಪೋಷಕರ ಫೋನು. ಜೀನ್ಸ್ ಹೊಲಿದು ಮಗಳ ಪ್ರವಾಸಕ್ಕೆ ದುಡ್ಡು ಕೂಡಿಟ್ಟಿದ್ದ ತಾಯಿಯೊಬ್ಬರು, ದಾರಿಗೆಂದು ಕಟ್ಟಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ತಂದು ನನ್ನ ಕೈಗಿಟ್ಟು ಹೋದರು. ಅವರಿಗೆ ನಾನು ಏನು ಹೇಳಲಿ?

‘ಮೈಸೂರೇ ಏಕೆ, ಊರಿನ ಕೋಟೆ ತೋರಿಸಿ’ ಎಂದು ಕಚೇರಿಯಲ್ಲಿ ಬುದ್ಧಿ ಹೇಳಿದರು. ಕೋಟೆ ಹತ್ತಿಸಿದ್ದೇವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಇಲ್ಲಿನ ವಸ್ತುಸಂಗ್ರಹಾಲಯದಲ್ಲಿ, ಊರ ಪಕ್ಕದ ಸಂಗನಕಲ್ಲಿನ ಶಿಲಾಯುಗದ ಕಲ್ಲುಕೊಡಲಿಗಳನ್ನೂ ತೋರಿಸಿದ್ದೇವೆ. ಮನುಷ್ಯನಿಗಿಂತ ಮೊದಲಿನ ಜೀವಜಾಲವನ್ನು, ಶಿಲೆ, ಸಸ್ಯ, ಪ್ರಾಣಿಗಳ ನಂಟನ್ನು ಒಂದೇ ಸೂರಿನಡಿ ತೋರಿಸುವ ಜಾಗ ಈ ಭಾಗದಲ್ಲಿ ಎಲ್ಲಿದೆ? ದೆಹಲಿಯ ರಾಷ್ಟ್ರೀಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಶಾಖೆಗಳಲ್ಲಿ ನಮ್ಮ ರಾಜ್ಯದಲ್ಲಿರುವುದು ಮೈಸೂರಿನದೊಂದೇ. ಸಂಡೂರಿನ ಅದಿರಿನ ತುಣುಕನ್ನು ಕಂಪಾಸ್ ಪೆಟ್ಟಿಗೆಯಲ್ಲಿಟ್ಟುಕೊಂಡು, ‘ಇದು ಹೇಗೆ ಹುಟ್ಟಿತೆಂದು ಅಲ್ಲಿ ಕೇಳುತ್ತೇನೆ ಮೇಡಂ’ ಎನ್ನುತ್ತಿದ್ದ ಹುಡುಗನ ಪ್ರಶ್ನೆಗೆ ಈ ಅಧಿಕಾರಿ ಬಂದು ಉತ್ತರಿಸುತ್ತಾರೆಯೇ?

ಇದು ಹೊಸತೂ ಅಲ್ಲ. ಕಳೆದ ವರ್ಷ ಪ್ರಯೋಗಾಲಯದ ಉಪಕರಣಗಳ ಪೆಟ್ಟಿಗೆಗಳು ಇದೇ ಕಚೇರಿಯ ಮೂಲೆಯಲ್ಲಿ ಪರೀಕ್ಷೆ ಮುಗಿಯುವವರೆಗೆ ಬಿದ್ದಿದ್ದವು. ಅದಿರಿನ ಕೆಂಪು ದೂಳು ಕುಡಿಯುವವರು ನಮ್ಮ ಮಕ್ಕಳು, ಗಣಿಬಾಧಿತರಿಗೆಂದೇ ಗಣಿ ಕಂಪನಿಗಳು ಹಣ ತುಂಬುವ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯಿಂದ ಅವರಿಗೊಂದು ಬಸ್ಸು ಕೊಡಿಸಿ ಎಂದರೆ ‘ನಿಯಮದಲ್ಲಿ ಅವಕಾಶವಿಲ್ಲ’ ಎಂಬ ಸಿದ್ಧ ಉತ್ತರ. ಶಿಕ್ಷಕರಿಗೆ ನೋಟಿಸ್ ಕೊಡಲು ಮಾತ್ರ ಒಂದು ದಿನವೂ ತಡವಾಗುವುದಿಲ್ಲ.

ಪ್ರವಾಸದ ಅನುಮತಿಯನ್ನು ಮುಖ್ಯಶಿಕ್ಷಕರಿಗೇ ಬಿಟ್ಟುಕೊಡಲಿ. ಇಲ್ಲವೇ ಅರ್ಜಿ ಓದಿ ಸಹಿ ಹಾಕುವವರನ್ನು ಆ ಕುರ್ಚಿಯಲ್ಲಿ ಕೂರಿಸಲಿ. ಮುಂಗಡದ ಹಣವನ್ನು ಯಾರು ತುಂಬಿಕೊಡುತ್ತಾರೆ ಎಂಬುದನ್ನೂ ಮೇಲಿನವರು ಹೇಳಲಿ. ಹೇಳಲಾಗದಿದ್ದರೆ ಪತ್ರಿಕೆಯ ಮುಂದೆ ನಮ್ಮ ಮೇಲೆ ಗೂಬೆ ಕೂರಿಸುವುದನ್ನಾದರೂ ನಿಲ್ಲಿಸಲಿ.

– ನೊಂದ ವಿಜ್ಞಾನ ಶಿಕ್ಷಕಿ, ಬಳ್ಳಾರಿ