ಲ್ಯಾಬ್‌ನ ಆ ಅಣ್ಣನಿಗೆ ಥ್ಯಾಂಕ್ಸ್

ಡಿಗ್ರಿ ಮೊದಲ ವರ್ಷದ ಜೀವಶಾಸ್ತ್ರ ಪ್ರಾಕ್ಟಿಕಲ್. ಈರುಳ್ಳಿ ಬೇರಿನಲ್ಲಿ ಕೋಶ ವಿಭಜನೆ ತೋರಿಸಬೇಕಿತ್ತು. ನನ್ನ ಸ್ಲೈಡಿನಲ್ಲಿ ಕಂಡದ್ದು ಬರೀ ಕೆಂಪು ಮುದ್ದೆ. ಸಮಯ ಮುಗಿಯುತ್ತಾ ಬಂದಿತ್ತು, ಮೇಡಂ ಆಚೆ ತುದಿಯ ಬೆಂಚಿನಲ್ಲಿದ್ದರು.

ಗಾಜಿನ ಸಾಮಾನು ಎತ್ತಿಡಲು ಬಂದ ಅಟೆಂಡರ್ ಒಮ್ಮೆ ಇಣುಕಿ, "ಇನ್ನೊಂದು ಮಾಡೋಣ ಬಾಮ್ಮಾ" ಅಂದರು. ಬ್ಲೇಡನ್ನು ನನ್ನ ಕೈಗೇ ಕೊಟ್ಟರು. ಬೇರಿನ ತುದಿಯ ಒಂದೆರಡು ಮಿಲಿಮೀಟರ್ ಜಾಗವನ್ನು ಉಗುರಿನಿಂದ ತೋರಿಸಿದರು. ಕೋಶಗಳು ಜಾಸ್ತಿ ಒಡೆಯುವುದು ಅಲ್ಲೇ. ಇನ್ನೂ ಮೇಲಿನವು ಉದ್ದವಾಗುತ್ತವೆ ಅಷ್ಟೆ. ಪಾಠದಲ್ಲಿ ಓದಿದ್ದು ತಲೆಗೆ ಹೋದದ್ದು ಆಗ!

ಬಣ್ಣ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ಪೆನ್ಸಿಲ್‌ನ ಹಿಂಬದಿಯಿಂದ ಮೆಲ್ಲಗೆ ತಟ್ಟಿಸಿದರು. ಆಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಹೆಬ್ಬೆರಳಿನಿಂದ ನೇರ ಒತ್ತಿಸಿದರು. "ಜಾರಿಸಬೇಡ, ಕೋಶ ಎಲ್ಲಾ ಸುರುಳಿ ಸುತ್ತುತ್ತೆ."

ಮೊದಲು ಕಡಿಮೆ ಪವರ್, ಆಮೇಲೆ 40ರ ಲೆನ್ಸ್. ಹೆಚ್ಚಿನವು ಇಂಟರ್‌ಫೇಸ್‌ನಲ್ಲೇ, ಅಂದರೆ ಎರಡು ವಿಭಜನೆಗಳ ನಡುವಿನ ಹಂತದಲ್ಲೇ ಇದ್ದವು. ಕೋಶ ಬಹುಪಾಲು ಸಮಯ ಕಳೆಯುವುದೇ ಅಲ್ಲಿ ಅಲ್ವಾ. ನಡುವೆ ವಿಭಜನೆಯ ಮೆಟಾಫೇಸ್ ಹಂತದ ಒಂದು ಕೋಶ ಸಿಕ್ಕಿತು! ಕ್ರೋಮೋಸೋಮ್‌ಗಳು ಮಧ್ಯದಲ್ಲಿ ಸಾಲಾಗಿ ನಿಂತಿದ್ದವು. ಈರುಳ್ಳಿಗೆ 16. ಒಂದರ ಮೇಲೊಂದು ಬಿದ್ದಿದ್ದರಿಂದ ಎಣಿಸಲು ಆಗಲಿಲ್ಲ, ಆದರೂ ಎದೆ ಹಗುರಾಯಿತು.

ಅವರು ಐಪೀಸ್‌ಗೆ ಕಣ್ಣಿಡಲೇ ಇಲ್ಲ. ನನ್ನ ಮುಖ ನೋಡಿ "ಸಿಕ್ತಾ?" ಅಂದರು, ಬೀಕರ್‌ಗಳ ಟ್ರೇ ಎತ್ತಿಕೊಂಡು ಹೊರಟರು. ಹೆಸರು ಕೇಳಲೂ ಆಗಲಿಲ್ಲ. ಅಣ್ಣಾ, ರೆಕಾರ್ಡಿಗೆ ಸಹಿ ಬಿತ್ತು. ತುಂಬಾ ಥ್ಯಾಂಕ್ಸ್.